ಎರಡು ಚಮಚ ಅಂದರೆ ಎಷ್ಟು?

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಕೂಸಿಗೆ ಜ್ವರ ಬಂದಿತ್ತು. ಹತ್ತು ಕಿಲೋ ತೂಗುವ ಹುಡುಗಿ. ಅಜ್ಜಿ ಅಡುಗೆಮನೆಯಿಂದಲೇ ಕೂಗಿದರು: "ಎರಡು ಚಮಚ ಹಾಕವ್ವಾ, ಇಳೀತದ." ಕಲಬುರಗಿಯ ಯಾವ ಓಣಿಗೆ ಹೋದರೂ ಈ ಮಾತು ಕೇಳಿಸುತ್ತದೆ. ಆದರೆ ಯಾವ ಚಮಚ? ಯಾವ ಬಾಟಲಿ?

ಆ ಮನೆಯ ಶೆಲ್ಫಿನಲ್ಲಿ ಮೂರು ಬಾಟಲಿ ಇದ್ದವು. ಮೂರರಲ್ಲೂ ಇದ್ದದ್ದು ಪ್ಯಾರಾಸಿಟಮಾಲ್ ಒಂದೇ. ಒಂದರಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ, ಇನ್ನೊಂದರಲ್ಲಿ 5 ಎಂಎಲ್‌ಗೆ 250. ಮೂರನೆಯದು ಎಳೆಗೂಸುಗಳ ಡ್ರಾಪ್ಸ್. ಅದರಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ! ಚಿಕ್ಕ ಬಾಟಲಿ, ಚಿಕ್ಕ ಮಕ್ಕಳದ್ದು, ಹಾಗಾಗಿ ಸೌಮ್ಯ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಇರುವುದು ಉಲ್ಟಾ. ಎಳೆಗೂಸು ಹೆಚ್ಚು ಕುಡಿಯುವುದಿಲ್ಲ ಅಂತಲೇ ಅದನ್ನು ಗಟ್ಟಿಯಾಗಿ ಮಾಡಿರುತ್ತಾರೆ.

ಲೆಕ್ಕ ನಡೆಯುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಕಿಲೋಗೆ 10ರಿಂದ 15 ಮಿಲಿಗ್ರಾಂ. ಎರಡು ಡೋಸ್ ನಡುವೆ 4ರಿಂದ 6 ಗಂಟೆ ಬಿಡಬೇಕು, ದಿನಕ್ಕೆ ನಾಲ್ಕು ಸಲ ದಾಟಬಾರದು. ಅಂದರೆ ಈ ಹುಡುಗಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ. ಮೊದಲನೇ ಬಾಟಲಿಯಿಂದ 5 ಎಂಎಲ್ ಕೊಟ್ಟರೆ ಸರಿ. ಎರಡನೆಯದರಿಂದ ಅಷ್ಟೇ ಕೊಟ್ಟರೆ ಜಾಸ್ತಿ. ಡ್ರಾಪ್ಸ್‌ನಿಂದ ಕೊಟ್ಟರೆ 500 ಮಿಲಿಗ್ರಾಂ, ದೊಡ್ಡವರ ಒಂದು ಪೂರ್ತಿ ಗುಳಿಗಿ. ಇನ್ನು ಮನೆಯ ಚಮಚದ ಕಥೆ ಕೇಳಲೇಬೇಡಿ. ಒಂದು ಮೂರು ಎಂಎಲ್ ಹಿಡಿದರೆ ಇನ್ನೊಂದು ಏಳು ಹಿಡಿಯುತ್ತದೆ.

ಒಂದು ಸಲ ಸ್ವಲ್ಪ ಹೆಚ್ಚಾದರೆ ಸಾಮಾನ್ಯವಾಗಿ ದೊಡ್ಡ ತೊಂದರೆ ಆಗುವುದಿಲ್ಲ. ಎರಡು ಮೂರು ದಿನ ಹಾಗೇ ಮುಂದುವರಿದರೆ ಕಷ್ಟ. ಲಿವರ್ ಈ ಔಷಧವನ್ನು ಕರಗಿಸುವಾಗ ಸ್ವಲ್ಪ ವಿಷ ಹುಟ್ಟುತ್ತದೆ. ಗ್ಲುಟಾಥಯೋನ್ ಅನ್ನುವ ವಸ್ತು ಅದನ್ನು ಹಿಡಿದು ಹಾಕುತ್ತದೆ. ಮಗು ಊಟ ಬಿಟ್ಟು ಮಲಗಿದ್ದರೆ ಆ ವಸ್ತುವಿನ ದಾಸ್ತಾನೂ ಕಡಿಮೆ. ಅದು ಖಾಲಿಯಾದರೆ ವಿಷ ಲಿವರನ್ನೇ ತಿನ್ನುತ್ತದೆ. ಮೊದಲ ದಿನ ಹೊರಗೆ ಏನೂ ಕಾಣಿಸದೆಯೂ ಇರಬಹುದು. ನೆಗಡಿ ಸಿರಪ್‌ಗಳಲ್ಲೂ ಎಷ್ಟೋ ಸಲ ಇದೇ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ಕೊಟ್ಟರೆ ಡಬಲ್ ಆಯ್ತು, ಅಲ್ವಾ?

ನಮ್ಮ ಊರಿಗೇ ಅಂಟಿದ ಇನ್ನೊಂದು ತಪ್ಪಿದೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ತಗಡಿನ ಮನೆಯಲ್ಲಿ ಮಗುವಿನ ಮೈ ಕಾದರೂ ಅದೇ ಸಿರಪ್. ಜ್ವರ ಬೇರೆ, ಬಿಸಿಲಿನ ಹೊಡೆತ ಬೇರೆ. ಜ್ವರದಲ್ಲಿ ಮೆದುಳೇ ಬೇಕಂತ ಮೈಯ ಶಾಖ ಏರಿಸಿರುತ್ತದೆ. ಪ್ಯಾರಾಸಿಟಮಾಲ್ ಆ ಏರಿಕೆಯನ್ನು ಇಳಿಸುತ್ತದೆ. ಬಿಸಿಲು ಬಡಿದಾಗ ಮೆದುಳು ಏನೂ ಏರಿಸಿರುವುದಿಲ್ಲ, ಶಾಖ ಹೊರಹಾಕಲು ಮೈಗೆ ಆಗುತ್ತಿರುವುದಿಲ್ಲ ಅಷ್ಟೆ. ಆಗ ಸಿರಪ್ ಕೆಲಸಕ್ಕೆ ಬಾರದು. ನೆರಳು, ಒದ್ದೆ ಬಟ್ಟೆ, ಗಾಳಿ ಬೇಕು. ಮಗು ಮಂಕಾಗಿದ್ದರೆ ತಡ ಮಾಡದೆ ದವಾಖಾನಿ.

ಮಳೆ ಬಿದ್ದ ಮೇಲೆ ಡೆಂಗಿ ಕಾಲ. ಆಗ ಐಬುಪ್ರೊಫೆನ್, ಆಸ್ಪಿರಿನ್ ಅನ್ನುವ ಜ್ವರ-ನೋವಿನ ಔಷಧ ಬೇಡ, ರಕ್ತಸ್ರಾವದ ಭಯ ಹೆಚ್ಚುತ್ತದೆ. ಅದೇ ಥರದ ಇನ್ನೊಂದು ಔಷಧ ನಿಮೆಸುಲೈಡ್ ಅಂತೂ 12 ವರ್ಷದೊಳಗಿನ ಮಕ್ಕಳಿಗೆ 2011ರಿಂದಲೇ ದೇಶದಲ್ಲಿ ನಿಷೇಧ. ಮೂರು ತಿಂಗಳೂ ತುಂಬದ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮನೆಮದ್ದಿನ ಮಾತೇ ಇಲ್ಲ, ನೇರ ಡಾಕ್ಟರು. ಉಳಿದ ಮಕ್ಕಳು ಜ್ವರದಲ್ಲೂ ನೀರು ಕುಡಿದು ಆಡುತ್ತಿದ್ದರೆ ಔಷಧಕ್ಕೆ ಅವಸರ ಬೇಕಿಲ್ಲ. ಥರ್ಮಾಮೀಟರಿನ ಅಂಕಿಗಿಂತ ಮಗುವಿನ ಸಂಕಟ ನೋಡಿ ಕೊಡುವುದೇ ಸರಿ ಅಂತ ನನಗನಿಸುತ್ತದೆ.

ಪಕ್ಕದ ಮನೆಯಲ್ಲಿ ಆ ರಾತ್ರಿ ಆದದ್ದೂ ಡಬಲ್ ಡೋಸೇ. ಹತ್ತಕ್ಕೆ ಅವ್ವ ಕೊಟ್ಟಿದ್ದಳು. ಅದು ಗೊತ್ತಿಲ್ಲದೆ ಹನ್ನೆರಡಕ್ಕೆ ಅಜ್ಜಿಯೂ ಕೊಟ್ಟರು. ಪುಣ್ಯಕ್ಕೆ ಅದು ಮೊದಲನೇ, ತೆಳು ಔಷಧದ ಬಾಟಲಿ. ಈಗ ಅವರ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ "ರಾತ್ರಿ 10, 5 ಎಂಎಲ್" ಅಂತ ಬರೆದಿರುತ್ತದೆ. ಡ್ರಾಪ್ಸ್ ಬಾಟಲಿ ಶೆಲ್ಫಿನಲ್ಲಿಲ್ಲ.