ಆರ್ಕು ಕೊರ್ಸಾ: ಮುಖ್ಯ ನ್ಯಾಯಮೂರ್ತಿಯನ್ನು ತೆಗೆದದ್ದು ಯಾವ ವಿಧಿಯಿಂದ?

ಸರ್ ಕೊಬಿನಾ ಆರ್ಕು ಕೊರ್ಸಾ ಹುಟ್ಟಿದ್ದು 1894ರಲ್ಲಿ, ಇಂದಿನ ಘಾನಾದ ಸಾಲ್ಟ್‌ಪಾಂಡ್‌ನಲ್ಲಿ. ಫೋರಾ ಬೇ ಕಾಲೇಜು, ಲಂಡನ್ನಿನಲ್ಲಿ ಕಾನೂನು, ಕೇಪ್ ಕೋಸ್ಟ್‌ನಲ್ಲಿ ವಕೀಲಿ ವೃತ್ತಿ, 1945ರಲ್ಲಿ ನ್ಯಾಯಮೂರ್ತಿ ಹುದ್ದೆ. 1956ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು. ಆ ಪೀಠವೇರಿದ ಮೊದಲ ಘಾನಾದವರು ಇವರೇ.

1961ರ ಅಕೋಟೊ ಪ್ರಕರಣವನ್ನು ಬಿಡಬಾರದು. ವಿಚಾರಣೆಯಿಲ್ಲದೆ ಬಂಧಿಸುವ 1958ರ ಕಾಯಿದೆಯನ್ನು ಕೊರ್ಸಾ ಪೀಠ ಎತ್ತಿಹಿಡಿಯಿತು. ರಾಷ್ಟ್ರಾಧ್ಯಕ್ಷರು ಅಧಿಕಾರ ಸ್ವೀಕರಿಸುವಾಗ ಮಾಡುವ ಘೋಷಣೆಯಲ್ಲಿ ಸ್ವಾತಂತ್ರ್ಯದ ಮಾತಿದ್ದರೂ ಅದು ನೈತಿಕ ಹೊಣೆ ಮಾತ್ರ, ನ್ಯಾಯಾಲಯ ಜಾರಿಗೊಳಿಸಬಲ್ಲ ಹಕ್ಕಲ್ಲ ಎಂಬುದು ತೀರ್ಪಿನ ತಿರುಳು. ನನಗೆ ಒಪ್ಪಿಗೆಯಾಗದ ತೀರ್ಪು. ಆದರೆ ಕೊರ್ಸಾ ಸರ್ಕಾರದ ಹಗೆಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ತೊಡಕಿನ ಭಾಗ. 1962ರ ಆಗಸ್ಟ್‌ನಲ್ಲಿ ಕುಲುಂಗುಗು ಎಂಬಲ್ಲಿ ಆಗಿನ ರಾಷ್ಟ್ರಾಧ್ಯಕ್ಷ ಎನ್‌ಕ್ರೂಮಾ ಅವರ ಮೇಲೆ ಗ್ರೆನೇಡ್ ದಾಳಿ ನಡೆಯಿತು. ಐವರ ಮೇಲೆ ರಾಜದ್ರೋಹದ ಮೊಕದ್ದಮೆ. ಕೊರ್ಸಾ, ವ್ಯಾನ್ ಲೇರ್, ಅಕುಫೊ-ಅಡ್ಡೊ ಇದ್ದ ವಿಶೇಷ ನ್ಯಾಯಾಲಯ 1963ರ ಡಿಸೆಂಬರ್ 9ರಂದು ಇಬ್ಬರನ್ನು ಶಿಕ್ಷಿಸಿ, ಅಡಮಾಫಿಯೊ, ಅಕೊ ಅಜೆಯ್, ಕಾಫಿ ಕ್ರ್ಯಾಬ್ ಅವರನ್ನು ಬಿಡುಗಡೆ ಮಾಡಿತು. ಎರಡೇ ದಿನಗಳಲ್ಲಿ ಕೊರ್ಸಾ ಪದಚ್ಯುತರಾದರು.

ಇಷ್ಟು ಬೇಗ ಹೇಗೆ ಸಾಧ್ಯ? 1960ರ ಸಂವಿಧಾನದ 45ನೇ ವಿಧಿಯಂತೆ ನ್ಯಾಯಾಧೀಶರನ್ನು ತೆಗೆಯಲು ದುರ್ನಡತೆ ಅಥವಾ ಅಶಕ್ತತೆಯ ಕಾರಣ ಬೇಕು, ಸಂಸತ್ತಿನ ಮೂರನೇ ಎರಡು ಬಹುಮತವೂ ಬೇಕು. ಅದನ್ನಷ್ಟೇ ಓದಿದರೆ ಈ ವಜಾ ಸಂವಿಧಾನವನ್ನೇ ಮುರಿದಂತೆ ಕಾಣುತ್ತದೆ. ಉತ್ತರ ಒಂದು ವಿಧಿ ಹಿಂದಿದೆ. 44ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸುವವರು ರಾಷ್ಟ್ರಾಧ್ಯಕ್ಷರು; ಆ ನೇಮಕವನ್ನು ಯಾವಾಗ ಬೇಕಾದರೂ ರದ್ದುಪಡಿಸಬಹುದು. ಕಾರಣ ಹೇಳಬೇಕಿಲ್ಲ, ಸಂಸತ್ತನ್ನು ಕೇಳಬೇಕಿಲ್ಲ. ಅಂದರೆ ಇಲ್ಲಿ ಎರಡು ಸ್ಥಾನಗಳಿವೆ: ನ್ಯಾಯಾಧೀಶ ಸ್ಥಾನಕ್ಕೆ ಬೇಲಿಯಿದೆ, ಅದರ ಮೇಲಿನ ಮುಖ್ಯ ಸ್ಥಾನಕ್ಕೆ ಇಲ್ಲ. ರದ್ದಾದದ್ದು ಎರಡನೆಯದು. ಪರೀಕ್ಷೆಯಲ್ಲಿ 44, 45 ಎಂದು ಬೇರೆ ಬೇರೆ ಬರೆದರೆ ಅರ್ಧ ಉತ್ತರ ಮುಗಿದಂತೆ.

ಮುಂದಿನದು ಚುಟುಕಾಗಿ. ಅದೇ ತಿಂಗಳು ಸಂಸತ್ತು ಆ ತೀರ್ಪನ್ನು ಅನೂರ್ಜಿತಗೊಳಿಸುವ ಅಧಿಕಾರವನ್ನು ರಾಷ್ಟ್ರಾಧ್ಯಕ್ಷರಿಗೆ ಕೊಟ್ಟಿತು. ಹೊಸ ಮುಖ್ಯ ನ್ಯಾಯಮೂರ್ತಿ ಸಾರ್ಕೊಡೀ-ಅಡೂ ಅವರ ಮುಂದೆ ಮರುವಿಚಾರಣೆಯಾಗಿ ಮೂವರಿಗೂ ಮರಣದಂಡನೆ ವಿಧಿಸಲಾಯಿತು; ಅದನ್ನು ಆಮೇಲೆ ಸೆರೆವಾಸಕ್ಕೆ ಇಳಿಸಿದರು. 1964ರ ಜನಮತಗಣನೆಯ ಬಳಿಕ 45ನೇ ವಿಧಿಯ ಬೇಲಿಯೂ ಹೋಯಿತು. ಅಕುಫೊ-ಅಡ್ಡೊ ಆ ವರ್ಷವೇ ಹುದ್ದೆ ಕಳೆದುಕೊಂಡರು. 1966ರ ಸೇನಾದಂಗೆಯ ನಂತರ ಅವರೇ ಮುಖ್ಯ ನ್ಯಾಯಮೂರ್ತಿಯಾಗಿ ಮರಳಿದರು; ಕೊರ್ಸಾ 1967ರ ಜನವರಿಯಲ್ಲಿ ತೀರಿಕೊಂಡರು.