ಟಿ ಕೋಶಕ್ಕೆ ಒಂದೇ ಸಂಕೇತ ಯಾಕೆ ಸಾಲದು?

ರಾಯಚೂರಿನ ನಮ್ಮ ಓದಿನ ಗುಂಪಿನಲ್ಲಿ ಹೆಚ್ಚು ಜನ ತಡವರಿಸುವುದು ಇಲ್ಲೇ. ಆಂಟಿಜನ್ (ರೋಗನಿರೋಧಕ ವ್ಯವಸ್ಥೆ ಗುರುತಿಸುವ ವಸ್ತು) ಗುರುತು ಸಿಕ್ಕರೆ ಟಿ ಕೋಶ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, ಕೆಲಸಕ್ಕೆ ಇಳಿಯುತ್ತದೆ ಅಂತ ಬರೆದುಬಿಡುತ್ತಾರೆ. ಗುರುತು ಹಿಡಿಯುವುದು ಬೇರೆ, ಕೆಲಸಕ್ಕೆ ಇಳಿಯುವುದು ಬೇರೆ.

ಪ್ರತಿಕಾಯ ತಯಾರಿಸುವ ಬಿ ಕೋಶ ಇಡೀ ಪ್ರೋಟೀನನ್ನೇ ಹಿಡಿಯಬಲ್ಲದು. ಟಿ ಕೋಶಕ್ಕೆ ಹಾಗಲ್ಲ. ಪ್ರೋಟೀನು ತುಂಡಾಗಿ, ಆ ತುಂಡನ್ನು ಹೊತ್ತು ತೋರಿಸುವ ಎಂಎಚ್‌ಸಿ ಅಣುವಿನ ಸಂದಿನಲ್ಲಿ ಕೂತು, ಕೋಶದ ಹೊರಮೈಗೆ ಬರಬೇಕು. ಟಿ ಕೋಶದ ಗ್ರಾಹಕವಾದ ಟಿಸಿಆರ್, ತುಂಡು ಮತ್ತು ಎಂಎಚ್‌ಸಿ ಎರಡನ್ನೂ ಒಟ್ಟಿಗೇ ನೋಡುತ್ತದೆ. ಇದೇ ಮೊದಲ ಸಂಕೇತ. 1974ರಲ್ಲಿ ವಿಜ್ಞಾನಿಗಳಾದ ಝಿಂಕರ್‌ನಾಗೆಲ್ ಮತ್ತು ಡೊಹರ್ಟಿ ಇದನ್ನು ಇಲಿಗಳಲ್ಲಿ ತೋರಿಸಿದರು. ವೈರಸ್ ಅದೇ ಇದ್ದರೂ, ಸೋಂಕು ತಗುಲಿದ ಕೋಶದ ಎಂಎಚ್‌ಸಿ ಬೇರೆ ತಳಿಯದಾದರೆ ಟಿ ಕೋಶ ಅದನ್ನು ಕೊಲ್ಲಲಿಲ್ಲ. ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶಗಳಿಗೆ ಕ್ಲಾಸ್ 1 ಎಂಎಚ್‌ಸಿ, ಬೇರೆ ಕೋಶಗಳಿಗೆ ನೆರವಾಗುವ ಸಿಡಿ4 ಟಿ ಕೋಶಗಳಿಗೆ ಕ್ಲಾಸ್ 2. ಇಷ್ಟು ನೆನಪಿದ್ದರೆ ಸಾಕು.

ಒಳಗೆ ನಡೆಯುವುದನ್ನು ಸಾಲಾಗಿ ಹೇಳಿಕೊಳ್ಳಿ: ಎಲ್‌ಸಿಕೆ ಕಿಣ್ವ, ಟಿಸಿಆರ್ ಜೊತೆಗಿರುವ ಸಿಡಿ3ರ ಬಾಲಗಳಿಗೆ ಫಾಸ್ಫೇಟ್ ಅಂಟಿಸುತ್ತದೆ, ಝ್ಯಾಪ್-70 ಎಂಬ ಇನ್ನೊಂದು ಕಿಣ್ವ ಅಲ್ಲಿ ಬಂದು ಕೂರುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿನ್ಯೂರಿನ್ ಕಿಣ್ವ ಎಚ್ಚರಗೊಂಡು, ಜೀನುಗಳನ್ನು ಚಾಲೂ ಮಾಡುವ ಎನ್‌ಎಫ್‌ಎಟಿ ಪ್ರೋಟೀನನ್ನು ನ್ಯೂಕ್ಲಿಯಸ್‌ಗೆ ಕಳಿಸುತ್ತದೆ. ಕಿಡ್ನಿ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೊರಿನ್ ತಡೆಯುವುದು ಈ ಕ್ಯಾಲ್ಸಿನ್ಯೂರಿನನ್ನೇ.

ಆದರೆ ನಮ್ಮದೇ ಪ್ರೋಟೀನಿನ ತುಂಡುಗಳೂ ಸದಾ ಎಂಎಚ್‌ಸಿ ಮೇಲೆ ಇರುತ್ತವೆ ಅಲ್ವಾ? ಅದಕ್ಕೇ ಎರಡನೇ ಸಂಕೇತ. ರೋಗಾಣುವಿನ ಸುಳಿವು ಸಿಕ್ಕ ಡೆಂಡ್ರೈಟಿಕ್ ಕೋಶ (ಟಿ ಕೋಶಕ್ಕೆ ಆಂಟಿಜನ್ ತೋರಿಸುವ ಕೋಶ) ತನ್ನ ಹೊರಮೈಯ ಬಿ7 ಅಣುಗಳನ್ನು ಜಾಸ್ತಿ ಮಾಡುತ್ತದೆ, ಟಿ ಕೋಶದ ಸಿಡಿ28 ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ. ಹೊಸ ಟಿ ಕೋಶಕ್ಕೆ ಇದು ಸಿಗದೆ ಬರೀ ಮೊದಲ ಸಂಕೇತ ಬಂದರೆ ಅದು ಅನರ್ಜಿಗೆ, ಅಂದರೆ ಸ್ಪಂದಿಸದ ಸ್ಥಿತಿಗೆ ಹೋಗುತ್ತದೆ, ಮುಂದೆ ಸುಲಭಕ್ಕೆ ಏಳುವುದಿಲ್ಲ.

ಹಿಂದೆ ಅದೇ ಆಂಟಿಜನ್ ಕಂಡು ಪಳಗಿದ ಮೆಮೊರಿ ಟಿ ಕೋಶಗಳಿಗೆ ಸಿಡಿ28ರ ಹಂಗು ಕಡಿಮೆ. ಅವುಗಳ ಕೆಲಸ ಕಣ್ಣಾರೆ ನೋಡಬೇಕೆಂದರೆ ಕ್ಷಯದ ಮಾಂಟೂ ಟೆಸ್ಟ್ ನೋಡಿ. ಮುಂಗೈ ಚರ್ಮದೊಳಗೆ 0.1 ಮಿಲಿ ಟ್ಯೂಬರ್ಕ್ಯುಲಿನ್ (ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನು) ಹಾಕಿ 48ರಿಂದ 72 ಗಂಟೆ ಕಾಯುತ್ತಾರೆ. ಟಿ ಕೋಶಗಳು ಬಂದು, ಸೈಟೊಕೈನ್ ಎಂಬ ಸಂದೇಶದ ಪ್ರೋಟೀನು ಬಿಟ್ಟು, ರೋಗಾಣು ನುಂಗುವ ಮ್ಯಾಕ್ರೊಫೇಜ್‌ಗಳನ್ನು ಸೇರಿಸಲು ಅಷ್ಟು ಹೊತ್ತು ಬೇಕು. ಅಳೆಯುವುದು ಕೆಂಪನ್ನಲ್ಲ, ಬೆರಳಾಡಿಸಿದಾಗ ಗಟ್ಟಿಯಾಗಿ ಸಿಗುವ ಉಬ್ಬನ್ನು, ಅಂಚಿನಿಂದ ಅಂಚಿಗೆ, ಮಿಲಿಮೀಟರಿನಲ್ಲಿ.

ಇನ್ನು ಬ್ರೇಕು. ನನಗೆ ತುಂಬಾ ಇಷ್ಟವಾದ ಭಾಗ ಇದು. ಟಿ ಕೋಶ ಚುರುಕಾದ ಮೇಲೆ ಸಿಟಿಎಲ್‌ಎ-4 ಎಂಬ ಗ್ರಾಹಕ ಅದರ ಹೊರಮೈಗೆ ಬಂದು, ಅದೇ ಬಿ7 ಅನ್ನು ಸಿಡಿ28ಗಿಂತ ಬಿಗಿಯಾಗಿ ಹಿಡಿದು ಕಸಿದುಕೊಳ್ಳುತ್ತದೆ. ಸಿಟಿಎಲ್‌ಎ-4 ಇಲ್ಲದ ಇಲಿ ಮರಿಗಳು ಮೂರ್ನಾಲ್ಕು ವಾರದಲ್ಲೇ ಸಾಯುತ್ತವೆ. ಟಿ ಕೋಶಗಳು ಅಂಗಾಂಗಗಳಿಗೆ ನುಗ್ಗಿರುತ್ತವೆ. ಟಿ ಕೋಶದ ಮೇಲಿನ ಪಿಡಿ-1 ಗ್ರಾಹಕ ಇನ್ನೊಂದು ಬ್ರೇಕು. ಇವನ್ನು ಔಷಧಿಯಿಂದ ಸಡಿಲಿಸಿ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ದಾರಿ ತೋರಿಸಿದ್ದಕ್ಕೆ ವಿಜ್ಞಾನಿಗಳಾದ ಆ್ಯಲಿಸನ್ ಮತ್ತು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಆ ಔಷಧಿ ತೆಗೆದುಕೊಂಡ ಕೆಲವರಲ್ಲಿ ಕರುಳು, ಥೈರಾಯ್ಡ್ ಉರಿಯೂತ ಯಾಕೆ ಕಾಣಿಸಿಕೊಳ್ಳುತ್ತದೆ ಅನ್ನುವುದಕ್ಕೆ ಉತ್ತರವನ್ನು ಇಲ್ಲಿಂದಲೇ ಬರೆಯಬಹುದು.