ಕುರುಡು ಕ್ಯಾಮೆರಾದ ಗುಣಾಕಾರ

'ಧನ'ಕ್ಕೂ 'ದನ'ಕ್ಕೂ ನಡುವೆ ಇರುವುದು ಹೊಟ್ಟೆ ಸೀಳುವ ಒಂದು ಪುಟ್ಟ ಗೆರೆ. ಅಚ್ಚಿಗಾಗಿ ಮೂಲಪ್ರತಿಯ ಫೋಟೋ ತೆಗೆಯುವ ಪ್ರೊಸೆಸ್ ಕ್ಯಾಮೆರಾದಲ್ಲಿ, ಬರೀ ಕಪ್ಪು-ಬಿಳುಪು ಹಿಡಿಯುವ ಲಿತ್ ಫಿಲ್ಮಿಗೆ ಬೆಳಕು ಹೆಚ್ಚಾದರೆ, ಅಕ್ಷರ ತಿಳಿಯಾಗಿ ಸುತ್ತಲೂ ಕಪ್ಪಿರುವ ನೆಗೆಟಿವ್‌ನಲ್ಲಿ ಕಪ್ಪು ಹರಡಿ ಆ ಗೆರೆಯೇ ಮುಚ್ಚಿಹೋಗುತ್ತದೆ; ಕಡಿಮೆಯಾದರೆ ಕಪ್ಪಿನ ತುಂಬ ಸೂಜಿತೂತು. 1843ರಲ್ಲಿ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಟಾಗ ಈ ಗೋಳಿರಲಿಲ್ಲ, ಅದು ಕೈಬರಹದಿಂದಲೇ ಕಲ್ಲಿಗೆ ಇಳಿದ ಅಚ್ಚು. ಫಿಲ್ಮಿನಿಂದ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಬಂದ ಮೇಲೆ ಮಂಗಳೂರು, ಮಣಿಪಾಲದ ಪ್ರೆಸ್ಸುಗಳಿಗೂ ಕ್ಯಾಮೆರಾ ಕೋಣೆ ಬೇಕಾಯಿತು.

ಆಟೋಮ್ಯಾಟಿಕ್ ಪ್ರೊಸೆಸ್ ಕ್ಯಾಮೆರಾ ಎಂದರೆ ಮೊಬೈಲಿನ ಹಾಗೆ ಚಿತ್ರ ನೋಡಿ ಫೋಕಸ್ ಮಾಡುತ್ತದೆ ಎಂದುಕೊಳ್ಳುವವರಿದ್ದಾರೆ. ಖಂಡಿತ ಇಲ್ಲ. ಅದು ಕುರುಡು, ಅದಕ್ಕೆ ಗೊತ್ತಿರುವುದು ಒಂದು ಗುಣಾಕಾರ ಮಾತ್ರ.

48 ಸೆಂ.ಮೀ. ಫೋಕಲ್ ದೂರದ ಲೆನ್ಸು ತೆಗೆದುಕೊಳ್ಳಿ. ಅಳತೆಗೆ ಅಳತೆ (100%) ಬೇಕಾದರೆ ಲೆನ್ಸಿನಿಂದ ಮೂಲಪ್ರತಿಯ ಹಲಗೆ 96, ಫಿಲ್ಮು 96 ಸೆಂ.ಮೀ. ದೂರ. ಅರ್ಧಕ್ಕೆ ಇಳಿಸಲು 144 ಮತ್ತು 72. ಪ್ರತಿಯೊಂದರಿಂದಲೂ 48 ಕಳೆಯಿರಿ: 48×48, 96×24. ಎರಡೂ 2304! ನ್ಯೂಟನ್ನನ ಸೂತ್ರವಿದು. ಈಗ ಹಲಗೆ, ಫಿಲ್ಮು ಸರಿಯುವ ಹಳಿಯಿಂದ 48 ಸೆಂ.ಮೀ. ಎತ್ತರದ ಮೊಳೆಗೆ ಬಡಗಿಯ ಮೂಲೆಮಟ್ಟದ ಮೂಲೆ ಸಿಕ್ಕಿಸಿ, ಎರಡೂ ತೋಳು ಕೆಳಗೆ ಬಿಡಿ. ಒಂದು ತೋಳು ಮೊಳೆಯ ನೇರಕ್ಕಿಂತ 96 ಆಚೆ ಹಳಿ ದಾಟಿದರೆ ಇನ್ನೊಂದು 24 ಈಚೆ ದಾಟುತ್ತದೆ. ಹೇಗೆ ತಿರುಗಿಸಿದರೂ ಗುಣಲಬ್ಧ 2304. ಏತದ ಹಾಗೆ ಒಂದು ಕಡೆ ಹಿಗ್ಗಿದರೆ ಇನ್ನೊಂದು ಕಡೆ ಕುಗ್ಗುತ್ತದೆ, ಆದರೆ ಸಮಸಮವಾಗಿ ಅಲ್ಲ. ಒಂದು ತೋಳಿಗೆ ಹಲಗೆ, ಇನ್ನೊಂದಕ್ಕೆ ಫಿಲ್ಮು ಹೊಂದಿಸಿ ಎರಡನ್ನೂ ಒಟ್ಟಿಗೆ ಸರಿಸುವ ಇಂಥ ಜೋಡಣೆಯೇ ಇನ್ವರ್ಸರ್. ಹೈಸ್ಕೂಲಿನ ಲಂಬಕೋನ ತ್ರಿಭುಜ ಫೋಕಸ್ ಮಾಡುತ್ತಿದೆ! ಮೋಟರು, ಕಂಪ್ಯೂಟರು ಬಂದ ಮೇಲೂ ಲೆಕ್ಕ ಬದಲಾಗಿಲ್ಲ.

ಕೆಡುವುದು ಎಲ್ಲಿ? ಲೆನ್ಸಿನ ಮೇಲೆ ಕೆತ್ತಿದ 48 ನಿಜಕ್ಕೆ 47.8 ಇರಬಹುದು. ಕೈಯಿಂದ 100%ಕ್ಕೂ 200%ಕ್ಕೂ ಫೋಕಸ್ ಮಾಡಿ, ಲೆನ್ಸಿನಿಂದ ಫಿಲ್ಮು ಎಷ್ಟು ದೂರ ಸರಿಯಿತೆಂದು ಅಳೆಯಿರಿ. ಅದೇ ಸರಿಯಾದ ಫೋಕಲ್ ದೂರ. ಇವನ್ನು ಸರಿಸುವ ಸ್ಕ್ರೂ ಸವೆದು ಸಡಿಲವಾಗಿ ಆಡುತ್ತಿದ್ದರೆ ಗುರುತಿಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬರಬೇಕು.

ಬೆಳಕಿಗೂ ಲೆಕ್ಕವಿದೆ. ಗಾತ್ರ ಎಷ್ಟು ಪಟ್ಟೋ ಅದಕ್ಕೆ 1 ಕೂಡಿಸಿ ವರ್ಗ ಮಾಡಿ, ಬೆಳಕು ಬೀಳುವ ಹೊತ್ತು ಆ ಪ್ರಮಾಣದಲ್ಲಿ ಇರಬೇಕು: 100%ಕ್ಕೆ 20 ಸೆಕೆಂಡಾದರೆ 200%ಕ್ಕೆ 45. ಆದರೆ ಮಳೆಗಾಲದ ವೋಲ್ಟೇಜ್ ನಂಬುವ ಹಾಗಿಲ್ಲ. ಹತ್ತು ಶೇಕಡಾ ಇಳಿದರೆ ತಂತಿ ಬಲ್ಬಿನ ಬೆಳಕು ಸುಮಾರು 30 ಶೇಕಡಾ ಇಳಿಯುತ್ತದೆ. ಅದಕ್ಕೇ ಲೈಟ್ ಇಂಟಿಗ್ರೇಟರ್: ನಳ್ಳಿ ನೀರು ಸಣ್ಣಗೆ ಬಂದರೆ ಗಡಿಯಾರ ನೋಡುತ್ತೇವೆಯೇ, ಕೊಡ ತುಂಬುವವರೆಗೆ ಕಾಯುತ್ತೇವೆ. ಬೆಳಕು ಬಿದ್ದಷ್ಟು ಕರೆಂಟು ಕೊಡುವ ಫೋಟೋಸೆಲ್ಲು ಕೆಪಾಸಿಟರ್ ಎಂಬ ಕೊಡವನ್ನು ತುಂಬಿಸಿದ ಮೇಲೆಯೇ ಷಟರ್ ಮುಚ್ಚುತ್ತದೆ. ಫೋಟೋಸೆಲ್ಲಿನ ಮೇಲೆ ಧೂಳು ಕೂತರೆ ಮಾತ್ರ ಅದು ಬೆಳಕು ಸಾಲದೆಂದು ತಿಳಿದು ಷಟರನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿಡುತ್ತದೆ. ಮೆತ್ತನೆ ಬಟ್ಟೆಯಲ್ಲಿ ಆಗಾಗ ಒರೆಸುತ್ತಿರಿ.